ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ

"ಏನ್ರೀ, ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ."

ಹಾವೇರಿಯಿಂದ ಬ್ಯಾಡಗಿಗೆ ಹೊರಟ ಬಸ್ಸು. ಇಬ್ಬರ ಸೀಟಿನಲ್ಲಿ ಆಗಲೇ ಮೂವರು ತುಂಬಿಕೊಂಡಿದ್ದರು. ಕಿಟಕಿಗೆ ಅಂಟಿಕೊಂಡು ಕೂತಿದ್ದ ಶೀಲಾ ಸಿಟ್ಟಿನಿಂದ ತಲೆ ಎತ್ತಿದಳು.

"ಇನ್ನೆಲ್ಲಿ ಅಡ್ಜಸ್ಟ್ ಮಾಡ್ಕೊಳ್ಲಿ? ಕಿಟಕಿ ಹೊರಗ ಕುಂದರ್ಲೇನು?"

"ನನಗಲ್ರಿ, ಇದಕ್ಕ." ಪಕ್ಕದಲ್ಲಿ ನಿಂತಿದ್ದ ಯುವಕನ ಎದೆಗವಚಿಕೊಂಡಂತೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. "ನಾ ನಿಂತ ಬರ್ತೀನಿ. ಇದು ಮಂದ್ಯಾಗ ಸಿಕ್ರ ಕೆಡತೈತಿ."

ಬೇರೆ ದಾರಿಯಿಲ್ಲದೆ ಅವಳು ತಕ್ಕಡಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಸುಮ್ಮನಿರಲಾಗದೆ ಗುಂಡಿಯನ್ನೂ ಒತ್ತಿದಳು. ಕೆಂಪು ಅಂಕಿಗಳು ಕಣ್ಣು ಬಿಟ್ಟವು. ಅಂಗೈ ಇಟ್ಟು ನೋಡಿದರೆ ಎರಡು ಕಿಲೋ.

ಅವನು ಬಗ್ಗಿ ನೋಡಿ ಗಂಭೀರವಾಗಿ ಹೇಳಿದ, "ಕೆಟ್ಟೈತ್ರಿ ಖರೇನ. ಇಷ್ಟ್ ಚಂದದ ಕೈ ಅಷ್ಟ್ ಭಾರ ಇರಾಕ ಸಾಧ್ಯನ ಇಲ್ಲ."

ಪಕ್ಕದಲ್ಲಿದ್ದ ಮುದುಕಿ ಕಿಸಕ್ಕನೆ ನಕ್ಕಳು. ಶೀಲಾ ಕಿಟಕಿಯ ಕಡೆ ಮುಖ ತಿರುಗಿಸಿದಳು, ಆದರೆ ಗಾಜಿನಲ್ಲಿ ಅವನೇ ಕಾಣುತ್ತಿದ್ದ.

ಅವನು ಸುದೀಪ. ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ತಕ್ಕಡಿ ರಿಪೇರಿ ಮಾಡುವವನು. ಅಗಡಿ ಊರಿನ ಶೀಲಾ ಬ್ಯಾಡಗಿಯದೇ ಒಂದು ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಆ ದಿನದಿಂದ ಕೋಲ್ಡ್ ಸ್ಟೋರೇಜಿನ ತಕ್ಕಡಿಗೆ ಅದೇನು ರೋಗ ಬಡಿಯಿತೋ, ವಾರ ವಾರವೂ ಕೆಡತೊಡಗಿತು.

ಆ ಒಂದು ಇಂಗ್ಲಿಷ್ ಶಬ್ದ ಅವರಿಬ್ಬರ ಆಟವಾಯಿತು. ಯಾರು ಎಲ್ಲಿ ಅಂದರೂ ಒಬ್ಬರಿಗೊಬ್ಬರು ತಂದು ಒಪ್ಪಿಸುತ್ತಿದ್ದರು. ಚಟ್ನಿ ತೀರಿದೆ, ಉಪ್ಪಿಟ್ಟು ಹಾಗೇ ಅಡ್ಜಸ್ಟ್ ಮಾಡ್ಕೋರಿ ಅಂದ ಹೋಟೆಲಿನವ. ಕುಬಸ ಬಿಗಿಯಾಗಿದೆ ಅಂದರೆ, ಹಾಕ್ಕೋತ ಅಡ್ಜಸ್ಟ್ ಆಗತೈತಿ ಅಂದಳು ಟೇಲರ್. ರವಿವಾರವೂ ಬಂದು ಅಡ್ಜಸ್ಟ್ ಮಾಡಮ್ಮಾ ಅಂದ ಮ್ಯಾನೇಜರ್.

"ಕನ್ನಡದಾಗ ಇದಕ್ಕ ಏನಂತಾರ?" ಶೀಲಾ ಒಮ್ಮೆ ಕೇಳಿದಳು.

"ಹೊಂದಿಕೊಳ್ಳೋದು."

"ಅದಲ್ಲ ಬಿಡು. ಹೊಂದಿಕೊಳ್ಳೋದು ತಾನಾಗೇ ಆಗೋದು. ಅಡ್ಜಸ್ಟ್ ಅಂದ್ರ ಬ್ಯಾರೇದವರ ಸಲುವಾಗಿ ಹಲ್ ಕಚ್ಚಿ ಮಾಡೋದು."

"ನಮ್ಮ ಕೆಲಸದಾಗ ಹಂಗಿಲ್ಲವ್ವಾ. ಸುಳ್ಳು ಹೇಳೋ ತಕ್ಕಡಿ ಕಡಿಂದ ಖರೇ ಹೇಳಸೋದಕ್ಕ ಅಡ್ಜಸ್ಟ್ ಅಂತೀವಿ."

ಹಾಗೆನ್ನುತ್ತ ಅವಳ ಕೆನ್ನೆಗೆ ಬಿದ್ದ ಕೂದಲು ಸರಿಸಲು ಕೈ ತಂದವನು ಅರ್ಧದಲ್ಲೇ ನಿಂತ. ಬೆರಳ ತುಂಬ ಮೆಣಸಿನಕಾಯಿಯ ಧೂಳು.

"ಖಾರ ಐತಿ," ಎಂದ ಮೆಲ್ಲಗೆ.

"ಇರ್ಲಿ," ಎಂದಳು ಶೀಲಾ, ಅವನಿಗೆ ಕೇಳದಷ್ಟು ಮೆಲ್ಲಗೆ. ಆದರೂ ಅವನಿಗೆ ಕೇಳಿಸಿತು. ಕಿವಿಯ ತುದಿ ಕೆಂಪಾಗಿದ್ದು ಅವನದೇ.

ಮದುವೆಯ ಮಾತು ಎತ್ತಿದವನೂ ಅವನೇ. ಎತ್ತಿ, ತಕ್ಕಡಿಯ ಸ್ಕ್ರೂ ತಿರುಗಿಸುತ್ತ ತಲೆ ತಗ್ಗಿಸಿ ಕೂತ.

"ಅವ್ವ ಒಂದು ಮಾತು ಅಂದಾಳ ಶೀಲಾ. ನಮ್ಮಕ್ಕ ಇದ್ದಾಳಲ್ಲ, ಮಹೇಶ್ವರಿ. ಆಕಿ ಮನ್ಯಾಗ ಇರೋತನಕ ನನ್ನ ಲಗ್ನ ಇಲ್ಲ. ಕೊಟ್ಟು ತಗೊಳ್ಳೋ ಸಂಬಂಧ ಆದ್ರ ಆಗಬಹುದಂತ. ನಿಮ್ಮಣ್ಣ ನಮ್ಮಕ್ಕನ್ನ ಮಾಡ್ಕೊಂಡ್ರ, ನಾ ನಿನ್ನ. ಒಂದ ಹಂದರದಾಗ ಎರಡು ಲಗ್ನ."

"ಅಣ್ಣ ಒಲ್ಲೆ ಅಂದ್ರ?"

ಸ್ಕ್ರೂ ತಿರುಗುತ್ತಲೇ ಇತ್ತು. "ಒಂದು ಸಣ್ಣ ಅಡ್ಜಸ್ಟ್‌ಮೆಂಟ್ ಅಷ್ಟ," ಎಂದ. ಈ ಸಲ ಇಬ್ಬರೂ ನಗಲಿಲ್ಲ.

ಶೀಲಾಳ ಅಣ್ಣ ಕನಕರಾಜ ಹೆಣ್ಣು ನೋಡಲು ಹೋದ. ಅಪ್ಪ ತೀರಿದ ಮೇಲೆ ಕಾಲೇಜು ಬಿಟ್ಟು ಮೊಬೈಲ್ ರಿಪೇರಿ ಅಂಗಡಿ ಹಾಕಿ, ತಂಗಿಯನ್ನು ಡಿಗ್ರಿ ಓದಿಸಿದವನು ಅವನು. ಮಹೇಶ್ವರಿ ಚಹಾ ತಂದಳು. ಕುತ್ತಿಗೆಯ ಒಂದು ಬದಿ ಕಿವಿಯವರೆಗೆ ಹಬ್ಬಿದ ಬಿಳಿಯ ಕಲೆ. ಸೆರಗಿನಿಂದ ಅದನ್ನು ಮುಚ್ಚಿಕೊಂಡೇ ಕೂತಿದ್ದಳು. ಎಷ್ಟೋ ಮಂದಿ ಹೀಗೇ ಬಂದು, ಚಹಾ ಕುಡಿದು, ಹೇಳಿ ಕಳಸ್ತೀವಿ ಅಂದು ಹೋಗಿದ್ದರು.

ಮನೆಗೆ ಬಂದ ಮೇಲೆ ಕನಕರಾಜ ಹಿತ್ತಲಲ್ಲಿ ಕೈಕಾಲು ತೊಳೆಯುತ್ತ ನಿಂತ. ಮುಗಿದರೂ ನೀರು ಸುರಿಯುತ್ತಲೇ ಇದ್ದ.

"ಕಲೆ ನೋಡಿ ಒಲ್ಲೆ ಅಂತೀಯೇನಣ್ಣಾ?"

"ಕಲೆ ಏನ್ ಮಾಡತೈತಿ? ನನ್ನ ಮನಸ ಆಕಿ ಕಡೆ ಹೊಳ್ಳವಲ್ದು ಶೀಲಾ. ಆಕಿ ಚಲೋ ಹೆಣಮಗಳು. ಅದಕ್ಕ ಹೆದರಿಕಿ. ಮನಸಿಲ್ಲದ ಮಾಡ್ಕೊಂಡು, ದಿನಾ ಆಕಿ ಮುಂದ ಹೆಂಗ ಕುಂದರ್ಲಿ?"

ಶೀಲಾಳ ನಾಲಿಗೆಗೆ ಆ ಹಳೆಯ ಮಾತೇ ಬಂತು. ಅದನ್ನು ನುಂಗಿಬಿಡಬಹುದಿತ್ತು. ನುಂಗಲಿಲ್ಲ.

"ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅಣ್ಣಾ."

ಅವನು ಅವಳನ್ನು ನೋಡಿದ. ಚಿಕ್ಕವಳಿದ್ದಾಗ ಅವಳು ಜಾತ್ರೆಯ ಗೊಂಬೆ ಬೇಡಿ ಹಟ ಹಿಡಿದರೆ ಹೀಗೇ ನೋಡುತ್ತಿದ್ದ, ಆಮೇಲೆ ಕೊಡಿಸುತ್ತಿದ್ದ.

"ಆತು," ಎಂದ. "ನಿನ್ನ ಸಲುವಾಗಿ. ಆದ್ರ ಆಕಿಗಿ ಸುಳ್ಳು ಹೇಳಂತ ಮಾತ್ರ ಹೇಳಬ್ಯಾಡ. ನನ್ನ ಕಡಿಂದ ಅದೊಂದು ಆಗಂಗಿಲ್ಲ."

ಶೀಲಾಳ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರಿಯ ಜೊತೆಗೆ ಅರ್ಧ ರಾಜ್ಯವನ್ನೂ ಕೊಡುತ್ತಿದ್ದರು. ಆ ಅರ್ಧ ರಾಜ್ಯದ ಮಂದಿಗೆ ಮನಸ್ಸಿತ್ತೋ ಇಲ್ಲವೋ, ಮಡಿಲಲ್ಲಿ ಮಲಗಿ ಕೇಳುತ್ತಿದ್ದ ಹುಡುಗಿ ಒಮ್ಮೆಯೂ ವಿಚಾರಿಸಿರಲಿಲ್ಲ. ಅಣ್ಣ ಒಪ್ಪಿದ ಆ ರಾತ್ರಿ ನಿದ್ದೆ ಚೆನ್ನಾಗಿಯೇ ಬಂತು ಅವಳಿಗೆ.

ಮದುವೆಯ ಬಟ್ಟೆ ತರಲು ಎರಡೂ ಮನೆಯವರು ರಾಣೇಬೆನ್ನೂರಿಗೆ ಹೋದರು. ಅಂಗಡಿಯಲ್ಲಿ ಸೀರೆಗಳು ಹೊಳೆಯಂತೆ ಹರಿದು ಬಿದ್ದಿದ್ದವು. ಸುದೀಪ ಆಚೆ ಬದಿಯಲ್ಲಿ ಕೂತು, ಶೀಲಾ ಮುಟ್ಟಿದ ಪ್ರತಿ ಸೀರೆಗೂ ಹುಬ್ಬು ಹಾರಿಸುತ್ತಿದ್ದ. ಅವಳು ಹುಸಿಮುನಿಸಿನಿಂದ ಕಣ್ಣು ಬಿಟ್ಟರೆ ಅವನಿಗೆ ಅದೇ ಬೇಕಿತ್ತು. ಕನಕರಾಜ ಚಪ್ಪಲಿ ಬಿಡುವ ಜಾಗದಲ್ಲೇ ಹೊರಗೆ ನಿಂತಿದ್ದ.

ಮಹೇಶ್ವರಿ ಶೀಲಾಳ ಕೈ ಹಿಡಿದು ಒಳಗಿನ ಕನ್ನಡಿಯ ಕಡೆ ಕರೆದುಕೊಂಡು ಹೋದಳು.

"ಶೀಲಾ, ಒಂದ್ ಕೇಳ್ತೀನಿ, ಖರೇ ಹೇಳಬೇಕು. ನಮ್ಮ ತಮ್ಮಗ ನೀ ಅಂದ್ರ ಜೀವ. ಅದು ಕಾಣತೈತಿ. ನಿಮ್ಮಣ್ಣಗ ನಾ ಮನಸಿಗೆ ಬಂದೇನೇನು?"

"ಯಾಕ ಹಿಂಗ ಕೇಳ್ತೀರಿ?"

"ಒಬ್ಬಾಕೀನ ಇದ್ದು ರೂಢಿ ಐತಿ ನನಗ. ಅಂಗನವಾಡಿ ಹುಡುಗೂರು ಅದಾವ, ದಿನ ಹೋಗ್ತಾವು. ಆದ್ರ ಒಲ್ಲದ ಗಂಡಸಿನ ಮನ್ಯಾಗ ಒಂದಿನಾನೂ ಇರಾಕ ಆಗಂಗಿಲ್ಲ. ನೀ ಇಲ್ಲ ಅಂದ್ರ ಈಗ, ಇಲ್ಲೇ, ಅವ್ವಗ ಹೇಳಿ ಈ ಸಂಬಂಧ ಬಿಡಿಸ್ತೀನಿ. ನಿನ್ನ ಹೆಸರು ತರಂಗಿಲ್ಲ."

ಬಿಡಿಸಿದರೆ ಎರಡೂ ಮದುವೆ ಮುರಿದಂತೆ. ಕನ್ನಡಿಯಲ್ಲಿ ದೂರಕ್ಕೆ ಸುದೀಪ ಕಾಣುತ್ತಿದ್ದ. ಹಸಿರು ಸೀರೆಯೊಂದನ್ನು ತನ್ನ ಹೆಗಲಿಗೇ ಹಾಕಿಕೊಂಡು, ಹೆಂಗೈತಿ ಅಂತ ಸನ್ನೆ ಮಾಡುತ್ತಿದ್ದ.

"ಅಯ್ಯ, ಮನಸಿಗೆ ಬರೋದಂದ್ರೇನ್ರಿ?" ಶೀಲಾಳ ದನಿ ಅವಳಿಗೇ ಜೇನಿನಂತೆ ಕೇಳಿಸಿತು. "ನೋಡಿ ಬಂದ ದಿನದಿಂದ ನಿಮ್ಮದ ಧ್ಯಾನ. ಆಕಿ ಕಣ್ಣು ನೋಡೀಯೇನು ಅಂತ ನನ್ನನ್ನ ಕೇಳ್ತಾನ. ಬಾಯಿ ಬಿಟ್ಟು ಹೇಳಾಕ ನಾಚಿಕಿ ಅವಂಗ."

"ಖರೇ?"

"ದೇವರಾಣಿ, ವೈನಿ."

ಅಣ್ಣನ ಹೆಂಡತಿಯನ್ನು ಕರೆಯುವ ವೈನಿ ಎಂಬ ಶಬ್ದ ಕೇಳಿ ಮಹೇಶ್ವರಿಯ ಮುಖಕ್ಕೆ ರಕ್ತ ನುಗ್ಗಿತು. ಎಷ್ಟೋ ವರ್ಷ ತಡೆದಿಟ್ಟಿದ್ದ ನಾಚಿಕೆ, ಕೆನ್ನೆಯಿಂದಿಳಿದು ಕುತ್ತಿಗೆಗೂ ಹರಿಯಿತು. ಕಲೆಯ ಮೇಲೂ ಗುಲಾಬಿ ಬಣ್ಣ ಬಂತು. ಕೈ ಸೆರಗಿಗೆ ಹೋಯಿತು, ನಿಂತಿತು. ತುಂಬಿದ ಅಂಗಡಿಯ ನಡುವೆ ಅವಳು ಸೆರಗನ್ನು ಕುತ್ತಿಗೆಯಿಂದ ತೆಗೆದು ಹೆಗಲಿನ ಮೇಲೆ ಹಿಂದಕ್ಕೆ ಇಳಿಬಿಟ್ಟಳು.

"ಅವ್ರಿಗೆ ಯಾವ ಬಣ್ಣ ಸೇರತೈತಿ?"

"ಕೆಂಪು," ಎಂದಳು ಶೀಲಾ. ಅಣ್ಣನಿಗೆ ಯಾವ ಬಣ್ಣ ಇಷ್ಟವೆಂದು ಅವಳು ಎಂದೂ ಕೇಳಿರಲಿಲ್ಲ.

ಅಷ್ಟರಲ್ಲಿ ಯಾರೋ ಕರೆದರೆಂದು ಕನಕರಾಜ ಒಳಗೆ ಬಂದ. ಮಹೇಶ್ವರಿ ತಲೆ ಎತ್ತಿ, ಕತ್ತು ಮುಚ್ಚದೆ, ಅವನನ್ನು ನೋಡಿ ಮುಖ ತುಂಬ ನಕ್ಕಳು.

ಆ ನಗು ಯಾರಿಗೆ ಎಂದು ತಿಳಿಯದೆ, ಅವನು ತಿರುಗಿ ತನ್ನ ಹಿಂದೆ ನೋಡಿದ.