ಕಿವಿಗಿಟ್ಟು ನೋಡದ ಫೋನು

"ಇದರಲ್ಲಿ ಮಾತು ಚೆನ್ನಾಗಿ ಕೇಳಿಸುತ್ತಾ?"

ಅವನು ಕೇಳಿದ್ದು ಇಷ್ಟೇ. ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು. ಅದನ್ನು ತೆಗೆದಿಡಲು ಮರೆತು ಹಾಗೇ ಬೀದಿ ದಾಟಿ ಬಂದಿದ್ದ. ಅಂಗಿಯ ತೋಳಿಗೆ ನೀಲಿ ದಾರದ ತುಂಡುಗಳು ಅಂಟಿಕೊಂಡಿದ್ದವು.

ಗಾಜಿನ ಕೌಂಟರಿನ ಹಿಂದೆ ನಿಂತಿದ್ದ ಹುಡುಗಿ ತಲೆಯೆತ್ತಿದಳು. ಎತ್ತಿದ ತಲೆಯನ್ನು ತಕ್ಷಣ ಇಳಿಸಲಾಗಲಿಲ್ಲ. ದಿನವಿಡೀ ಗಿರಾಕಿಗಳ ಮುಖ ನೋಡುವವಳಿಗೆ ಈ ಮುಖ ಮಾತ್ರ ಯಾಕೆ ಕಣ್ಣಿಗೆ ತೊಡರಿಕೊಂಡಿತೋ...

ಅಂಗಡಿಯಲ್ಲಿ ಅವಳನ್ನು ಎಲ್ಲರೂ 'ಗಿಳಿ' ಎನ್ನುತ್ತಿದ್ದರು. ಹೊಸ ಫೋನು ಬಂದ ಸಂಜೆಗೇ ಡಬ್ಬಿಯ ಮೇಲಿನ ಅಕ್ಷರವೆಲ್ಲ ಅವಳಿಗೆ ಬಾಯಿಪಾಠ. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಮೆಮೊರಿ ಎಷ್ಟು, ಪ್ರೊಸೆಸರ್ ಯಾವುದು ಎಂದು ಉಸಿರು ಬಿಡದೆ ಒಪ್ಪಿಸುತ್ತಿದ್ದಳು. ಕೇಳುವವರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆ ಅರ್ಥವಾಗದ ಅರ್ಧಕ್ಕೇ ಮರುಳಾಗಿ ಕೊಂಡುಕೊಳ್ಳುತ್ತಿದ್ದರು.

ಬಂದವನು ಎದುರು ಸಾಲಿನ ಟೈಲರ್. ಫೋನು ತನಗಲ್ಲ, ತಾಯಿಗೆ ಎಂದ. ಅವರಿಗೆ ಕಿವಿ ಸ್ವಲ್ಪ ಮಂದ. ದೂರದಲ್ಲಿರುವ ದೊಡ್ಡಮ್ಮ ದಿನಾ ಬೆಳಿಗ್ಗೆ ಫೋನು ಮಾಡುತ್ತಾರೆ. ಅಕ್ಕತಂಗಿಯರ ಹರಟೆ ಮುಗಿಯುವವರೆಗೆ ಮನೆಯಲ್ಲಿ ಒಲೆಯೂ ಹೊತ್ತುವುದಿಲ್ಲ. ಹಳೆಯ ಬಟನ್ ಫೋನು ಮೊನ್ನೆ ಕೈಕೊಟ್ಟಿತು ಎಂದು ವಿವರಿಸಿದ.

ಮಾಲೀಕರು ಮುಂದಿನ ಸಾಲಿನಲ್ಲಿ ಇಡಿಸಿದ್ದ ಹೊಸ ಫೋನನ್ನು ಅವಳು ಎತ್ತಿಕೊಟ್ಟಳು. ಅಂಚಿನಿಂದ ಅಂಚಿಗೆ ಪರದೆ, ಮುಂಭಾಗದಲ್ಲಿ ಪರದೆ ಬಿಟ್ಟು ಬೇರೇನೂ ಇಲ್ಲ ಎಂದಳು. ಕ್ಯಾಮೆರಾದ ಬಗ್ಗೆ ಹೇಳಿದಳು, ಬ್ಯಾಟರಿಯ ಬಗ್ಗೆ ಹೇಳಿದಳು. ಕೇಳದಿದ್ದನ್ನೂ ಹೇಳಿದಳು. ಮಾತು ಮುಗಿದರೆ ಅವನು ಹೊರಟುಬಿಡುತ್ತಾನಲ್ಲ!

ಅವನು ಎಲ್ಲವನ್ನೂ ಕೇಳಿಸಿಕೊಂಡು, ತನ್ನ ಮೊದಲ ಪ್ರಶ್ನೆಗೇ ವಾಪಸು ಬಂದ. ಮಾತು ಕೇಳಿಸುತ್ತಾ?

"ಇಷ್ಟೆಲ್ಲ ಇರೋ ಫೋನಲ್ಲಿ ಮಾತು ಕೇಳಿಸದೇ ಇರುತ್ತಾ ಸರ್?"

ಅವನು ನಕ್ಕ. ನಂಬಿದ. ಆ ನಗುವನ್ನು ಅವಳು ಸಂಜೆಯವರೆಗೂ ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡಿದಳು.

ಆಮೇಲೆ ಅವನು ಆಗಾಗ ಬರತೊಡಗಿದ. ಫೋನಿಗೊಂದು ಕವರ್ ಬೇಕು. ಪರದೆಗೊಂದು ಗಾಜು ಅಂಟಿಸಬೇಕು. ಚಾರ್ಜಿಂಗ್ ವೈರು ಗಿಡ್ಡವಾಯಿತು, ಉದ್ದದ್ದು ಬೇಕು. ಉದ್ದದ್ದು ಹೆಚ್ಚಾಯಿತು, ಮಧ್ಯಮದ್ದು ಇದೆಯಾ?

"ಗಿಳೀ, ಟೈಲರ್ ಎಲ್ಲಾ ಬಿಟ್ಟು ವೈರಲ್ಲಿ ಬಟ್ಟೆ ಹೊಲೀತಿದಾನೇನಮ್ಮಾ?" ಎಂದು ಮಾಲೀಕರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೇಳಿದರು. ತನಗೆ ಕೇಳಿಸಲೇ ಇಲ್ಲವೇನೋ ಎನ್ನುವಂತೆ ಅವಳು ಡಬ್ಬಿಗಳನ್ನು ಜೋಡಿಸಿದಳು. ಕಿವಿಯ ತುದಿ ಮಾತ್ರ ಕೆಂಪಾಗಿತ್ತು.

ಅವಳೂ ಸುಮ್ಮನಿರಲಿಲ್ಲ. ಒಂದು ಸಡಿಲ ಕುರ್ತಾ ತೆಗೆದುಕೊಂಡು ಅವನ ಅಂಗಡಿಗೆ ಹೋದಳು. ಮೂಲೆಯ ಸ್ಟೂಲಿನ ಮೇಲೆ ಅವನ ತಾಯಿ ತಲೆ ತಗ್ಗಿಸಿ ಅಂಗಿಗೆ ಗುಂಡಿ ಹಾಕುತ್ತಿದ್ದರು, ಅವಳನ್ನು ನೋಡಿ ಸಣ್ಣಗೆ ನಕ್ಕರು, ಮಾತಾಡಲಿಲ್ಲ. ಕುರ್ತಾ ಸಿದ್ಧವಾದಾಗ ಅವನು ಸುಮ್ಮನೆ ಮಡಿಸಿ ಕೊಡಲಿಲ್ಲ. "ಅಳತೆ ಸರಿ ಇದ್ರೆ ಸಾಲದು. ಹಾಕ್ಕೊಂಡು ಒಂದ್ಸಲ ಕೈ ಎತ್ತಿ ನೋಡಿ" ಎಂದ.

ಅವಳು ಹಾಕಿಕೊಂಡು ಕೈ ಎತ್ತಿದಳು. ಎಲ್ಲೂ ಹಿಡಿಯಲಿಲ್ಲ. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕಲೆತವು. ಆ ಕ್ಷಣಕ್ಕೆ ಅವಳ ಬಾಯಿಪಾಠವೆಲ್ಲ ಮರೆತುಹೋಯಿತು.

ಒಂದು ಮಧ್ಯಾಹ್ನ ಅವನು ಮುಖ ಸಣ್ಣ ಮಾಡಿಕೊಂಡು ಬಂದ. ಏನೂ ಕೊಳ್ಳಲಿಲ್ಲ. ಕೌಂಟರಿಗೆ ಒರಗಿ ನಿಂತು, ಕೇಳದೆಯೇ ಹೇಳಿಕೊಂಡ.

ತಾಯಿಯ ಕಿವಿ ಇನ್ನಷ್ಟು ಮಂದವಾಗಿದೆ, ಎದುರು ನಿಂತು ಜೋರಾಗಿ ಹೇಳಿದರಷ್ಟೇ ಕೇಳುತ್ತದೆ. ಹೊಸ ಫೋನಿನಲ್ಲಿ ಏನೂ ಕೇಳಿಸುವುದಿಲ್ಲವಂತೆ. ದೊಡ್ಡಮ್ಮ ಕರೆ ಮಾಡಿದರೆ ಎತ್ತಿ, 'ಹಲೋ ಹಲೋ' ಅಂದು ಇಟ್ಟುಬಿಡುತ್ತಾರೆ. ತಂಗಿಗೆ ತನ್ನ ಮೇಲೆ ಏನೋ ಸಿಟ್ಟು ಎಂದುಕೊಂಡು ದೊಡ್ಡಮ್ಮ ಫೋನು ಮಾಡುವುದನ್ನೇ ಬಿಟ್ಟರು. ಮೊನ್ನೆ ಅವನಿಗೆ ತಾಳ್ಮೆ ತಪ್ಪಿತು. ಇಷ್ಟು ಒಳ್ಳೆಯ ಫೋನು ತಂದುಕೊಟ್ಟರೂ ಕೇಳಿಸುವುದಿಲ್ಲ ಎಂದರೆ ತಪ್ಪು ಫೋನಿನದಲ್ಲ ಎಂದು ಕೂಗಾಡಿಬಿಟ್ಟ. ಅವತ್ತಿನಿಂದ ತಾಯಿ ಯಾರೊಂದಿಗೂ ಮಾತಾಡುತ್ತಿಲ್ಲ. ಗುಂಡಿ, ಸೂಜಿ, ದಾರ... ಅಷ್ಟೇ.

"ಹೆತ್ತ ತಾಯಿ ಮೇಲೆ ಕೂಗಿದ್ನಲ್ಲ..." ಎಂದು ಅರ್ಧಕ್ಕೇ ನಿಲ್ಲಿಸಿದ.

ಅವಳು ಸಮಾಧಾನ ಹೇಳಿದಳು. ವಯಸ್ಸಾದವರಿಗೆ ಹೀಗೆಲ್ಲ ಆಗುತ್ತದೆ ಎಂದಳು. ಆಗ ಅವಳಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಅವಳ ಸ್ವಂತ ಫೋನು ಕೈಜಾರಿ ಬಿದ್ದು ಒಡೆದಾಗ. ರಿಪೇರಿಯಾಗುವವರೆಗೆ ಇಟ್ಟುಕೋ ಎಂದು ಮಾಲೀಕರು ಪ್ರದರ್ಶನಕ್ಕಿಟ್ಟಿದ್ದ ಅದೇ ಮಾಡೆಲಿನ ಫೋನನ್ನು ಕೊಟ್ಟರು. ಸಿಮ್ ಹಾಕಿ ಅಪ್ಪನಿಗೆ ಕರೆ ಮಾಡಿದಳು. ಅಪ್ಪನ ದನಿ ಬಾವಿಯ ತಳದಿಂದ ಬಂದಂತಿತ್ತು.

"ಅಪ್ಪಾ, ಬಾಯಲ್ಲಿ ಏನಿಟ್ಕೊಂಡು ಮಾತಾಡ್ತಿದೀಯ?"

ಬಾಯಲ್ಲಿ ಏನೂ ಇಲ್ಲ, ನಿನ್ನ ಕಿವಿಯಲ್ಲಿ ಏನಿದೆ ನೋಡಿಕೋ ಎಂದು ಅಪ್ಪ ರೇಗಿದ್ದು ಕೂಡ ಅವಳಿಗೆ ಅರ್ಧಂಬರ್ಧ ಕೇಳಿಸಿತು.

ಫೋನನ್ನು ಮುಖದ ಮುಂದೆ ಹಿಡಿದು ನೋಡಿದಳು. ದನಿ ಬರುವ ತೂತು ಎಲ್ಲಿ? ಗಾಜಿನ ಮೇಲೆ ಎಲ್ಲೂ ಇಲ್ಲ. ಹುಡುಕಿದಾಗ ಸಿಕ್ಕಿತು. ತೀರಾ ಮೇಲೆ, ಗಾಜಿಗೂ ಚೌಕಟ್ಟಿಗೂ ನಡುವೆ ಕೂದಲೆಳೆಯಂಥ ಒಂದು ಸೀಳು. ಪರದೆ ಅಂಚಿನವರೆಗೂ ಹಬ್ಬಿ ಅದನ್ನು ಮೂಲೆಗೆ ತಳ್ಳಿತ್ತು. ಎಲ್ಲರೂ ಹಿಡಿಯುವ ಹಾಗೆ ಹಿಡಿದರೆ ದನಿ ಕಿವಿಯ ಮೇಲಿಂದ ಹಾದುಹೋಗುತ್ತಿತ್ತು. ಫೋನನ್ನು ಸ್ವಲ್ಪ ಕೆಳಕ್ಕೆ ಎಳೆದುಕೊಂಡಳು. ಅಪ್ಪ ಕೆಮ್ಮಿದ್ದು ಪಕ್ಕದಲ್ಲೇ ಕೂತು ಕೆಮ್ಮಿದಂತೆ ಕೇಳಿಸಿತು.

ಅವತ್ತು ತಾನು ಅವನಿಗೆ ಹೇಳಿದ್ದು ನೆನಪಾಯಿತು.

'ಅಂಚಿನಿಂದ ಅಂಚಿಗೆ ಪರದೆ ಸರ್... ಮುಂದೆ ಬೇರೇನೂ ಇಲ್ಲ ಸರ್...'

ಹೊಗಳಿ ಮಾರಿದ ಗುಣವೇ ಆ ತಾಯಿಯ ಕಿವಿ ಮುಚ್ಚಿತ್ತು. ಅವಳನ್ನು ಹೆಚ್ಚು ಚುಚ್ಚಿದ್ದು ಇನ್ನೊಂದು ವಿಷಯ. ಅಂಗಡಿಯಲ್ಲಿ ಸರಪಳಿ ಕಟ್ಟಿ ಇಟ್ಟ ಫೋನುಗಳಿಗೆ ಸಿಮ್ ಇರುವುದಿಲ್ಲ. ಜನ ಸವರುತ್ತಾರೆ, ತಿರುವಿ ನೋಡುತ್ತಾರೆ, ತಮ್ಮದೇ ಫೋಟೊ ತೆಗೆದುಕೊಳ್ಳುತ್ತಾರೆ. ಯಾರೂ ಮಾತಾಡುವುದಿಲ್ಲ. ಇಷ್ಟು ವರ್ಷ ಫೋನು ಮಾರಿದ ಅವಳು ಮಾರುವ ಮೊದಲು ಒಂದನ್ನೂ ಕಿವಿಗಿಟ್ಟು ನೋಡಿರಲಿಲ್ಲ!

ಹೇಳಬೇಕು. ಇವತ್ತೇ ಹೇಳಬೇಕು.

ಸಂಜೆ ಅವನು ಬಂದ. ಅವಳು ಬಾಯಿ ತೆರೆದಳು. ಗೊತ್ತಿಲ್ಲದೆ ಯಾಕೆ ಹೇಳಿದಿರಿ ಎಂದು ಕೇಳಿದರೆ? ಈ ಮೆಟ್ಟಿಲನ್ನು ಮತ್ತೆ ಹತ್ತದೇ ಹೋದರೆ?

ತೆರೆದ ಬಾಯಿಯಿಂದ, "ಮಧ್ಯಮ ವೈರು ಖಾಲಿಯಾಗಿದೆ, ನಾಳೆ ಬರುತ್ತೆ" ಎಂಬ ಮಾತು ಹೊರಬಿತ್ತು.

ನಾಳೆಯೂ ಹೇಳಲಿಲ್ಲ, ಅದರ ಮರುದಿನವೂ ಇಲ್ಲ. ಅವನು ಬಂದಾಗ ಎದೆ ಹಿಗ್ಗುತ್ತಿತ್ತು, ಹೋದ ಮೇಲೆ ಕಣ್ಣು ಎದುರು ಸಾಲಿನ ಅಂಗಡಿಯ ಕಡೆಗೇ ಹೋಗುತ್ತಿತ್ತು. ಬೀದಿಯ ಆಚೆ ಒಬ್ಬ ತಾಯಿ ತಾನು ಕಿವುಡಿಯಾದೆ ಎಂದುಕೊಂಡು ಗುಂಡಿ ಹಾಕುತ್ತಿದ್ದಾಳೆ. ಆ ತಾಯಿಯ ಮೌನ ಮುರಿಯುವ ಮಾತು ತನ್ನ ನಾಲಿಗೆಯ ಮೇಲಿದೆ. ಅದನ್ನು ನುಂಗಿಕೊಂಡು ತಾನು ಇವನ ನಗು ನೋಡುತ್ತ ನಿಂತಿದ್ದೇನೆ... ಇದು ಪ್ರೀತಿಯಾ? ಇದು ಕಳ್ಳತನ.

ಕೊನೆಗೆ ಅವನೇ ಒಂದು ಮಾತು ಹೇಳಿದ. ಕಿವಿಗೆ ಮೆಷಿನ್ ಹಾಕಿಸಲು ನಾಳೆ ತಾಯಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನಂತೆ. ತಾಯಿ ಒಲ್ಲೆ ಎನ್ನುತ್ತಿದ್ದಾರೆ.

"ಇನ್ನು ನಾನು ಯಾರ ಮಾತು ಕೇಳಿಸ್ಕೊಳ್ಬೇಕಾಗಿದೆ ಅಂತಾರೆ ಅಮ್ಮ" ಎಂದ.

ಗಿಳಿಗೆ ಅಷ್ಟು ಸಾಕಾಯಿತು.

ಮರುದಿನ ಬೆಳಿಗ್ಗೆ ಟೈಲರ್ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಅಮ್ಮನ ಫೋನಿನಿಂದ ದೊಡ್ಡಮ್ಮನಿಗೆ ಒಂದು ಕರೆ ಮಾಡಿಕೊಡಿ ಎಂದಷ್ಟೇ ಕೇಳಿದಳು. ಅವನು ಅಚ್ಚರಿಪಡುತ್ತ ಮಾಡಿಕೊಟ್ಟ. ಅವಳು ಫೋನನ್ನು ಸ್ಟೂಲಿನ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ ತಾಯಿಯ ಕೈಗಿತ್ತಳು.

ತಾಯಿ ಹಳೆಯ ಫೋನಿನ ಅಭ್ಯಾಸದಂತೆ ಅದರ ನಡುಭಾಗವನ್ನು ಕಿವಿಗೆ ಒತ್ತಿಕೊಂಡರು. ಮೇಲಿನ ಅರ್ಧ ತಲೆಗೂದಲಿನೊಳಗೆ ಸೇರಿಹೋಯಿತು. ಏನೂ ಕೇಳಿಸದೆ ಮುಖ ಬಾಡಿತು.

ಗಿಳಿ ಆ ಕೈಯ ಮೇಲೆ ತನ್ನ ಕೈ ಇಟ್ಟು ಫೋನನ್ನು ಮೆಲ್ಲಗೆ ಕೆಳಕ್ಕೆ ಎಳೆದಳು. ಸೀಳು ಕಿವಿಯ ಬಾಯಿಗೆ ಬಂತು.

"ಇನ್ನೂ ಕೋಪ ಇಳೀಲಿಲ್ವೇನೇ ನಿಂಗೆ?" ಎನ್ನುತ್ತಿದ್ದರು ದೊಡ್ಡಮ್ಮ. ಪಕ್ಕದಲ್ಲಿದ್ದವರಿಗೂ ಕೇಳುವಷ್ಟು ಜೋರು.

ತಾಯಿಯ ಕೈಯಿಂದ ಸೂಜಿ ಜಾರಿತು. "ಕೋಪ ಅಲ್ಲ ಕಣಕ್ಕಾ... ನಾನು ಕಿವುಡಿ ಆಗ್ಬಿಟ್ಟೆ ಅಂದ್ಕೊಂಡಿದ್ದೆ..." ಎಂದವರು ಸೆರಗಿನಿಂದ ಕಣ್ಣೊತ್ತಿಕೊಂಡರು.

ಅವನು ಹೊಲಿಗೆ ಯಂತ್ರ ಹಿಡಿದು ನಿಂತುಬಿಟ್ಟ.

ಗಿಳಿ ಎಲ್ಲವನ್ನೂ ಹೇಳಿದಳು. ಯಾವಾಗ ತಿಳಿಯಿತು ಎಂಬುದನ್ನೂ, ತಿಳಿದ ಮೇಲೂ ಸುಮ್ಮನಿದ್ದುದನ್ನೂ ಬಿಡಲಿಲ್ಲ.

"ಹಾಗಾದ್ರೆ ಅವತ್ತು ಕೇಳಿಸುತ್ತೆ ಅಂದಿದ್ದು?"

"ನಂಗೆ ಗೊತ್ತಿರಲಿಲ್ಲ. ಗೊತ್ತಿರೋರ ಹಾಗೆ ಹೇಳಿದೆ. ಗೊತ್ತಾದ್ಮೇಲೆ ಹೇಳಿದ್ರೆ... ನೀವು ಬರೋದು ನಿಲ್ಲಿಸ್ತೀರಿ ಅಂತ ಹೆದರಿದೆ."

ಅವನು ಯಂತ್ರದ ಕಡೆ ತಿರುಗಿ ಕೂತ. ಪೆಡಲ್ ಮಾತ್ರ ತುಳಿಯಲಿಲ್ಲ. ಅವಳು ತಂದಿದ್ದ ಹೊಸ ಬಟನ್ ಫೋನನ್ನು ಸ್ಟೂಲಿನ ಪಕ್ಕ ಇಟ್ಟು, ತಾಯಿಗೆ ಕೈಮುಗಿದು ಹೊರಬಿದ್ದಳು.

ಅವನು ಬರುವುದು ನಿಂತಿತು.

ದಿನಗಳು ಹೋದವು. ಮಧ್ಯಮ ಅಳತೆಯ ವೈರು ಬಂದು, ಹಾಗೇ ಮೊಳೆಗೆ ನೇತಾಡಿತು. ನನಗೆ ಇದೇ ಆಗಬೇಕಾದದ್ದು ಎಂದುಕೊಳ್ಳುತ್ತಿದ್ದಳು. ಆದರೂ ಗಾಜಿನ ಬಾಗಿಲು ಸದ್ದು ಮಾಡಿದಾಗಲೆಲ್ಲ ತಲೆ ತಾನಾಗಿಯೇ ಏಳುತ್ತಿತ್ತು.

ಅಷ್ಟರಲ್ಲಿ ಗಿಳಿಯ ವ್ಯಾಪಾರದ ರೀತಿ ಬದಲಾಗಿತ್ತು. ಗಿರಾಕಿ ಬಂದರೆ ಮೊದಲು ಯಾರಿಗೆ, ಯಾತಕ್ಕೆ ಎಂದು ಕೇಳುತ್ತಿದ್ದಳು. ಮಾಲೀಕರನ್ನು ಕಾಡಿ ಬೇಡಿ ಒಂದು ಸಿಮ್ ಇಟ್ಟುಕೊಂಡಿದ್ದಳು. ಅದನ್ನು ಹಾಕಿ ಗಿರಾಕಿಯನ್ನು ಬೀದಿಗೆ ಕಳಿಸಿ, ಒಳಗಿನಿಂದ ಕರೆ ಮಾಡಿ ಮಾತಾಡಿಸುತ್ತಿದ್ದಳು. ವಾಹನಗಳ ಗದ್ದಲದಲ್ಲೂ ಮಾತು ಕೇಳಿಸಿದರೆ ಮಾತ್ರ ಡಬ್ಬಿ ಕಟ್ಟುವುದು. ಮೆಗಾಪಿಕ್ಸೆಲ್ ಲೆಕ್ಕ ಆಮೇಲೆ, ಅದೂ ಫೋಟೊ ತೆಗೆಯುವವರು ಕೇಳಿದರೆ. ಗಿಳಿಗೆ ಮಾತು ಮರೆತುಹೋಯಿತು ಎಂದು ಮಾಲೀಕರು ಮೊದಮೊದಲು ಗೊಣಗಿದರು. ಮಾರಿದ ಫೋನು ವಾಪಸು ಬರುವುದು ಕಡಿಮೆಯಾದ ಮೇಲೆ ಗೊಣಗಾಟ ನಿಂತಿತು.

ಒಂದು ಸಂಜೆ ಬಾಗಿಲು ಸದ್ದಾಯಿತು. ತಲೆಯೆತ್ತಿದಳು.

ಕೊರಳಲ್ಲಿ ಅದೇ ಟೇಪು.

"ಒಂದು ಫೋನ್ ಬೇಕಿತ್ತು. ನನಗೇ. ಮಾತು ಚೆನ್ನಾಗಿ ಕೇಳಿಸ್ಬೇಕು, ಅಷ್ಟೇ."

ಅವಳು ಸಾಧಾರಣವಾದ ಒಂದು ಫೋನು ಆರಿಸಿ ಸಿಮ್ ಹಾಕಿದಳು. ಹೊರಗೆ ಹೋಗಿ ನಿಲ್ಲಿ ಎಂದಳು. ಅವನು ಮರುಮಾತಾಡದೆ ಹೋಗಿ ಗಾಜಿನ ಆಚೆ, ಬೀದಿಯಂಚಿನಲ್ಲಿ ನಿಂತ. ಅವಳು ಕರೆ ಮಾಡಿದಳು.

ಮೊದಲು ಬರೀ ವಾಹನಗಳ ಸದ್ದು. ಆಮೇಲೆ ಅವನ ಉಸಿರು.

"ನಿಮ್ಮ ಮೇಲೆ ಸಿಟ್ಟಿಂದ ಬರದೇ ಇದ್ದಿದ್ದಲ್ಲ" ಎಂದ. "ಅಮ್ಮನ ಮೇಲೆ ಕೂಗಿದ್ದು ನಾನು. ಅದನ್ನೂ ನಿಮ್ಮ ತಲೆಗೆ ಕಟ್ಟಿ ಹಗುರಾಗೋಣ ಅಂತ ನೋಡಿದೆ. ಆಗ್ಲಿಲ್ಲ. ಹಾಕ್ಕೊಂಡು ಕೈ ಎತ್ತಿ ನೋಡಿ ಅಂತ ಊರಿಗೆಲ್ಲ ಹೇಳೋನು, ಆ ಫೋನನ್ನ ನಾನೂ ಕಿವಿಗಿಟ್ಟು ನೋಡ್ಲಿಲ್ಲ."

"ನಾನು ನೋಡೋಕೆ ಬಿಟ್ರೆ ತಾನೆ. ಮಾತಾಡ್ತಾನೇ ಇದ್ದೆ."

"ಅಮ್ಮ ಬೇರೆ ಹೇಳ್ತಾರೆ. ನೀನು ಫೋನ್ ಎಲ್ಲಿ ನೋಡಿದೆ, ಆ ಹುಡುಗೀನ ನೋಡ್ತಾ ನಿಂತಿದ್ದೆ ಅಂತ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಅಮ್ಮಂಗೆ ಈಗ ಚೆನ್ನಾಗಿ ಕೇಳಿಸುತ್ತಾ?"

"ದೊಡ್ಡಮ್ಮಂಗೆ ಈಗ ಮಾತಾಡೋಕೇ ಬಿಡಲ್ಲ. ನಿನ್ನ ಸುದ್ದೀನೇ ಹೇಳೋದು." 'ನೀವು' ಹೋಗಿ 'ನೀನು' ಆದದ್ದು ಅವನಿಗೇ ಆಗ ಗೊತ್ತಾಯಿತೇನೋ. "ಗಿಳೀ... ಇನ್ನು ನಮ್ಮ ಅಂಗಡಿಗೆ ಬಂದು ಹಾಗೇ ವಾಪಸ್ ಹೋಗ್ಬೇಡ. ಮನೆಗೇ ಬಂದು ನಮ್ಮ ಜೊತೆ ಇದ್ದುಬಿಡು."

ಅವಳು ಗಾಜಿನ ಹತ್ತಿರ ಬಂದು ನಿಂತಳು. ಆಚೆ ಅವನು ಫೋನನ್ನು ಕಿವಿಗೆ ಒತ್ತಿಕೊಂಡು ಅವಳನ್ನೇ ನೋಡುತ್ತಿದ್ದ.

"ಕೇಳಿಸ್ತಾ?" ಎಂದ.

"ಕೇಳಿಸ್ತು."

"ಸರಿಯಾಗಿ?"

"ಊಹೂಂ..." ಎಂದಳು ಕಣ್ಣೊರೆಸಿಕೊಳ್ಳುತ್ತ. "ಫೋನ್ ಕಟ್ ಮಾಡಿ, ಒಳಗೆ ಬಂದು ಇನ್ನೊಂದ್ಸಲ ಹೇಳು."