ಓರಗಿತ್ತಿ ಹೂಡಿದ ಹಾಸು

"ಆ ಮಗ್ಗದಲ್ಲಿ ಕೂರಬೇಡ ಕಣೇ. ಆ ಬಟ್ಟೆ ಮುಗಿದ ದಿನ ನಾನೂ ಮುಗೀತೀನಿ."

ಅತ್ತೆ ಹಿಂದಿನ ಕೋಣೆಯ ಹೊಸ್ತಿಲು ದಾಟದೆ ಹೇಳಿದಳು. ಅಷ್ಟರಲ್ಲಿ ಹೊಸ ಸೊಸೆ ಒಳಗೆ ಹೋಗಿ, ಮಗ್ಗಕ್ಕೆ ಹೊದಿಸಿದ್ದ ಗೋಣಿತಾಟನ್ನು ಎಳೆದುಹಾಕಿದ್ದಳು. ಧೂಳಿನಡಿಯಲ್ಲಿ ಅರ್ಧ ನೇಯ್ದ ಕಪ್ಪು ಬಟ್ಟೆ ಬಿಗಿಯಾಗಿ ನಿಂತಿತ್ತು.

ಅದನ್ನು ಹೂಡಿದ್ದವಳು ಅತ್ತೆಯ ಓರಗಿತ್ತಿ. ಒಂದೇ ಸೂರಿನಡಿ ಇಬ್ಬರೂ ನೇಯುತ್ತಿದ್ದ ಕಾಲದಲ್ಲಿ ಬಂದವರೆಲ್ಲ ಅತ್ತೆಯ ಬಟ್ಟೆಯನ್ನೇ ಕೇಳುತ್ತಿದ್ದರು. ಓರಗಿತ್ತಿಯದು ಮೂಲೆ ಸೇರುತ್ತಿತ್ತು. ಹೊಟ್ಟೆಕಿಚ್ಚು ತಡೆಯದೆ ಅವಳು ಮಾಟಗಾರನ ಬಳಿ ಹೋಗಿಬಂದು, ಮಂತ್ರಿಸಿದ ಉದ್ದೆಳೆಗಳ ಈ ಹಾಸು ಹೂಡಿದಳು. ಅರ್ಧಕ್ಕೆ ಬರುವಷ್ಟರಲ್ಲಿ ತಾನೇ ಜ್ವರ ಹಿಡಿದು, ಮಾಟದ ಗುಟ್ಟನ್ನೆಲ್ಲ ಅತ್ತೆಯೆದುರು ಬಡಬಡಿಸಿ ತೀರಿಕೊಂಡಳು. ಅಂದಿನಿಂದ ಅತ್ತೆ ಯಾವ ಮಗ್ಗವನ್ನೂ ಮುಟ್ಟಿರಲಿಲ್ಲ.

"ಅಷ್ಟೊಂದು ಶಕ್ತಿ ಇದ್ದಿದ್ರೆ ಚಿಕ್ಕತ್ತೆ ಆ ಜ್ವರಾನ ಓಡಿಸ್ಕೋತಿರಲಿಲ್ವಾ?" ಸೊಸೆ ನಕ್ಕಳು.

ತವರಿನಲ್ಲಿ ಯಾರು ಅರ್ಧಕ್ಕೆ ಬಿಟ್ಟ ನೇಯ್ಗೆಯೂ ಕೊನೆಗೆ ಇವಳ ಪಾಲಿಗೇ ಬರುತ್ತಿತ್ತು. ಅಕ್ಕ ಬೇಸತ್ತು ಬಿಟ್ಟ ಟವೆಲ್ಲು, ಕಣ್ಣು ಮಂಜಾದ ಅಜ್ಜಿಯ ಹೊದಿಕೆ, ಎಲ್ಲವನ್ನೂ ಹಟ ಹಿಡಿದು ಮುಗಿಸಿದ್ದಳು. ಇಲ್ಲಿ ಒಂದು ತುಂಡು ಬಟ್ಟೆಗೆ ಹೆದರಿ ಅಷ್ಟು ಒಳ್ಳೆಯ ನೇಯ್ಗೆಯವಳು ಕೈಕಟ್ಟಿ ಕೂತದ್ದು ಅವಳಿಗೆ ಸಿಟ್ಟು ತರಿಸಿತು. ಮುಗಿಸಿ ತೋರಿಸಿದರೆ ಭಯ ತಾನಾಗಿ ಬಿಡುತ್ತದೆ ಅಂದುಕೊಂಡಳು.

ಮರುದಿನ ಮಧ್ಯಾಹ್ನ ಗಂಡ ನೂಲು ತರಲು ಹೋಗಿದ್ದ. ಅತ್ತೆ ಪಡಸಾಲೆಯಲ್ಲಿ ಮಲಗಿದ್ದಳು. ಸೊಸೆ ಕತ್ತರಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಕಿಟಕಿಗೆ ಹಲಗೆ ಹೊಡೆದಿದ್ದರಿಂದ ಹಗಲಲ್ಲೂ ಕೋಣೆ ಕತ್ತಲು. ಕಮಟು ವಾಸನೆ, ಅದರೊಳಗೆ ಸುಟ್ಟ ಕೂದಲಿನ ನಾತ. ತುಳಿಯುವ ಮೆಟ್ಟುಗಳಿರುವ ಮಗ್ಗದಡಿಯ ಗುಂಡಿಗೆ ಕಾಲು ಇಳಿಬಿಟ್ಟಾಗ ಪಾದಕ್ಕೆ ಒದ್ದೆ ತಣ್ಣಗೆ ತಗುಲಿತು.

ಲಾಳಿ ಎಸೆದಳು. ಎಳೆ ಬಿಗಿಸುವ ಮಗ್ಗದ ಹಲಗೆಯನ್ನು ಎಳೆದು ಬಡಿದಳು. ಟಕ್.

ಪಡಸಾಲೆಯಲ್ಲಿ ಅತ್ತೆ ಕೆಮ್ಮಿದಳು.

ಮತ್ತೆ ಬಡಿದಳು. ಟಕ್. ಕೆಮ್ಮು. ಟಕ್. ಕೆಮ್ಮಲ್ಲ, ಉಸಿರು ಸಿಕ್ಕಿಕೊಂಡವರ ಗೊರಗೊರ ಸದ್ದು.

ಸೊಸೆ ಕೈ ನಿಲ್ಲಿಸಿದಳು. ಲಾಳಿ ನಿಲ್ಲಲಿಲ್ಲ. ತಾನಾಗಿ ಆಚೆ ಹಾರಿತು, ಈಚೆ ಹಾರಿತು. ಅದರ ಹಿಂದೆ ಬಿಚ್ಚಿಕೊಳ್ಳುತ್ತಿದ್ದ ಎಳೆಯನ್ನು ಮುಟ್ಟಿದಳು. ನೂಲಲ್ಲ. ನರೆತ ಕೂದಲು. ಅತ್ತೆ ದಿನವೂ ತಲೆಗೆ ಹಚ್ಚುವ ಎಣ್ಣೆಯ ಘಮ.

ಏಳಲು ನೋಡಿದಳು. ಗುಂಡಿಯೊಳಗೆ ಯಾರೋ ಪಾದ ಹಿಡಿದಿದ್ದರು. ಹಿಡಿದು ತುಳಿಸುತ್ತಿದ್ದರು. ಟಕ್. ಟಕ್. ಬಟ್ಟೆ ಸರಸರನೆ ಬೆಳೆಯಿತು. ನೇಯಲು ಹಾಸು ಇನ್ನು ಗೇಣುದ್ದ ಮಾತ್ರ ಉಳಿದಿತ್ತು.

ಅತ್ತೆ ತೆವಳಿಕೊಂಡು ಬಾಗಿಲಿಗೆ ಬಂದಳು. ತುಟಿ ನೀಲಿಗಟ್ಟಿತ್ತು. ಸೊಸೆ ಕತ್ತರಿ ಎಳೆದುಕೊಂಡಳು.

"ಬೇಡ್ವೇ... ಕತ್ತರಿಸಿದವರ ಕೈ... ಅದು ಇಟ್ಕೊಳ್ಳುತ್ತೆ!"

"ಇಟ್ಕೊಳ್ಲಿ! ನಿಮ್ಮನ್ನ ಮಾತ್ರ ಕೊಡಲ್ಲ!"

ಬಡಿಯಲು ಬಂದ ಹಲಗೆಗೂ ಬಟ್ಟೆಗೂ ನಡುವೆ ಎಡಗೈ ತುರುಕಿದಳು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಕೈ ತೆಗೆಯಲಿಲ್ಲ. ಬಲಗೈಯಲ್ಲಿ ಕತ್ತರಿ. ಕಚ್. ಹಾಸಿನ ಎಳೆಗಳು ಹಾರಿ ಎಡಗೈ ಬೆರಳುಗಳಿಗೆ ಸುತ್ತಿಕೊಂಡವು. ಬಿಗಿದವು. ಕಚ್. "ಕಿಚ್ಚು ಹಚ್ಚುತೀನಿ ನಿಂಗೆ!" ಕಚ್. ಕಚ್. ಗುಂಡಿಯಿಂದ ಹೆಣ್ಣು ದನಿಯೊಂದು ಚೀರಿತು. ಅವಳದಲ್ಲ, ಅತ್ತೆಯದಲ್ಲ.

ಕೊನೆಯ ಎಳೆ ತುಂಡಾಯಿತು. ಪಾದ ಬಿಡುಗಡೆಯಾಯಿತು. ಬಾಗಿಲ ಬಳಿ ಅತ್ತೆ ಎದೆ ತುಂಬ ಉಸಿರೆಳೆದುಕೊಳ್ಳುವುದು ಕೇಳಿಸಿತು.

ಆ ಬಟ್ಟೆಯನ್ನು ಅಂಗಳದಲ್ಲಿ ಸುಟ್ಟರು. ವೈದ್ಯರು ಮೂಳೆ ಕೂಡಿಸಿದರು. ಆದರೆ ಎಡಗೈ ಬೆರಳುಗಳು ಕಪ್ಪಾಗಿಯೇ ಉಳಿದವು. ಬಿಸಿ, ತಂಪು, ನೋವು, ಯಾವುದೂ ಅವಕ್ಕೆ ತಿಳಿಯುತ್ತಿರಲಿಲ್ಲ. ಮಡಚಲೂ ಬರುತ್ತಿರಲಿಲ್ಲ.

ಕಟ್ಟು ಬಿಚ್ಚಿದ ವಾರವೇ ಅವಳು ಕಿಟಕಿಯ ಹಲಗೆ ಕೀಳಿಸಿದಳು. ಅದೇ ಮಗ್ಗಕ್ಕೆ ಗಂಡನ ಕೈಯಲ್ಲಿ ಹಳದಿ ಹಾಸು ಹೂಡಿಸಿ, ಗುಂಡಿಗೆ ಕಾಲಿಟ್ಟು ಕೂತಳು.

ಅತ್ತೆ ಹೊಸ್ತಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. "ಒಂದೇ ಕೈಲಿ ಹೇಗೆ ನೇಯ್ತೀಯೇ, ಹುಚ್ಚಿ?"

"ನಿಮ್ಮ ಎರಡು ಕೈಗೆ ಏನಾಗಿದೆ? ಬನ್ನಿ."

ಸೊಸೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅತ್ತೆ ಕತ್ತು ಚಾಚಿ ಆ ಗುಂಡಿಯೊಳಗೆ ಇಣುಕಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ, ಹೊಸ್ತಿಲು ದಾಟಿ ಬಂದು ಕೂತು, ಲಾಳಿ ಕೈಗೆತ್ತಿಕೊಂಡಳು.