ಹಡಗು ಓಡಲಿ, ಆಮೇಲೆ ಹೇಳ್ತೀನಿ

ಮತ್ತೆ ಕಪ್ಪು ಹೊಗೆ!

ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಒಗೆದೆ. ಅದು ಠಣ್ಣೆಂದು ಪುಟಿದು ಕಾರಿನ ಅಡಿಗೆ ಹೋಗಿ ಕೂತಿತು. ಈಗ ಅದನ್ನು ತೆಗೆಯಲು ಹೊಟ್ಟೆಯ ಮೇಲೆ ತೆವಳಬೇಕು. ನನ್ನ ಸಿಟ್ಟು ಯಾವಾಗಲೂ ನನಗೇ ಕೆಲಸ ಹಚ್ಚುತ್ತದೆ.

ನಿನ್ನೆ ಸಂಜೆ ಈ ಎಂಜಿನ್ ಎಷ್ಟು ಚೆನ್ನಾಗಿತ್ತು! ಎಂಟು ಸಿಲಿಂಡರೂ ಒಂದೇ ಉಸಿರಿನಲ್ಲಿ ಗುನುಗುತ್ತಿದ್ದವು. ಬಾನೆಟ್ ಮುಚ್ಚಿ, ಮೈಮುರಿದು, ಶಿಳ್ಳೆ ಹೊಡೆಯುತ್ತ ಮನೆಗೆ ಹೋಗಿದ್ದೆ. ಇವತ್ತು ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬಂದು ಕೀ ತಿರುಗಿಸಿದರೆ ಕೆಮ್ಮು, ಹೊಗೆ, ಮೂಗಿಗೆ ಬಡಿಯುವ ಪೆಟ್ರೋಲ್ ವಾಸನೆ. ಗಾಳಿಗೆ ಪೆಟ್ರೋಲ್ ಬೆರೆಸುವ ಒಂದು ಕಾರ್ಬ್ಯುರೇಟರ್ ಒಂದೇ ರಾತ್ರಿಯಲ್ಲಿ ತಾನಾಗಿಯೇ ಹೇಗೆ ಕೆಡುತ್ತದೆ ಎಂದು ಯಾರಾದರೂ ನನಗೆ ಹೇಳಿಕೊಡಲಿ.

"ಏನ್ ಸ್ಕ್ರೂ ಸಾಹೇಬ್ರೇ, ಇವತ್ತೂ ಹಡಗು ಮುಳುಗ್ತಾ?"

ಪರದೆಯ ಆಚೆಯಿಂದ ಬಂದ ದನಿ. ಹೊಲಿಗೆ ಮೆಷಿನ್ನಿನ ಸದ್ದು ನಿಂತಿತ್ತು.

ಶೆಡ್ಡು ಅವಳ ಸೋದರತ್ತೆಯದು. ತಗಡಿನ ಮಾಡು, ಸಿಮೆಂಟಿನ ನೆಲ. ಒಂದು ಅರ್ಧದಲ್ಲಿ ಅವಳು ಕಾರು, ಬಸ್ಸುಗಳ ಸೀಟು ಹೊಲಿಯುತ್ತಾಳೆ. ಇನ್ನೊಂದು ಅರ್ಧ ನನಗೆ ಬಾಡಿಗೆಗೆ. ನಡುವೆ ಹಳೇ ಬೆಡ್‌ಶೀಟಿನ ಪರದೆ. ಮನಸ್ಸಿನಲ್ಲಿ ನಾನು ಅವಳನ್ನು ಕರೆಯುವುದು ಸೂಜಿ ಎಂದೇ. ಚುಚ್ಚುವುದರಲ್ಲಿ ಅಷ್ಟು ಚುರುಕು.

ಪರದೆ ಸರಿಯಿತು. ಸೂಜಿಯ ತುಟಿಗಳ ನಡುವೆ ಒಂದಷ್ಟು ಗುಂಡುಪಿನ್ನು, ಕಿವಿಯ ಹಿಂದೆ ಸೀಮೆಸುಣ್ಣ. ಪಿನ್ನು ಕಚ್ಚಿಕೊಂಡಿರುವಾಗ ಅವಳಿಗೆ ನಗಲಾಗುವುದಿಲ್ಲ. ಆ ನಗುವೆಲ್ಲ ಕಣ್ಣಿಗೇ ಹೋಗಿ ತುಂಬಿಕೊಳ್ಳುತ್ತದೆ. ಮೊದಲು ಹೊಗೆಯನ್ನು ನೋಡಿದಳು, ನಂತರ ನನ್ನ ಮಸಿ ಮೋರೆಯನ್ನು. ಮೋರೆಯ ಮೇಲೆ ನೋಟ ಸ್ವಲ್ಪ ಹೆಚ್ಚು ಹೊತ್ತು ನಿಂತ ಹಾಗಿತ್ತು. ಇದ್ದರೂ ಇರಬಹುದು, ನನ್ನ ಭ್ರಮೆಯೂ ಇರಬಹುದು.

"ಬೆಳಿಗ್ಗೆ ಸ್ಟಾರ್ಟ್ ಆಗಿತ್ತಾ?" ಕೇಳಿದೆ. ಬ್ಯಾಟರಿ ಡೌನ್ ಆಗದಿರಲಿ ಎಂದು ದಿನಾ ಬೆಳಿಗ್ಗೆ ಒಮ್ಮೆ ಸ್ಟಾರ್ಟ್ ಮಾಡಲು ಅವಳಿಗೆ ಹೇಳಿದ್ದೆ.

ಪಿನ್ನು ತೆಗೆದಳು. "ಆಗಿತ್ತು."

"ಸರಿಯಾಗಿ ಓಡ್ತಾ?"

"ಓಡ್ತು ಅಂದ್ನಲ್ಲ." ಪರದೆ ಮುಚ್ಚಿತು.

ಬೆಳಿಗ್ಗೆ ಅವಳಿಗೆ ಓಡುವ ಕಾರು ಸಂಜೆ ನನಗೆ ಓಡುವುದಿಲ್ಲ. ಕಾರಿಗೂ ಪಕ್ಷಪಾತ!

ಈ ಕಾರು ಅರವತ್ತರ ದಶಕದ್ದು, ಅಮೆರಿಕದ್ದು. ನನ್ನ ಸೋದರಮಾವ ಯಾರದೋ ಮನೆಯಲ್ಲಿ ಇದರ ಡ್ರೈವರ್ ಆಗಿದ್ದರು. ಮಾಲೀಕರು ಗುಜರಿಗೆ ಹಾಕಿದ ಮೇಲೂ ಮಾವ ಇದರ ಸುದ್ದಿ ಬಿಟ್ಟಿರಲಿಲ್ಲ. ನಾನು ಗುಜರಿಯಲ್ಲಿ ಹುಡುಕಿ ತಂದಾಗ ಇದಕ್ಕೆ ಗಾಜಿರಲಿಲ್ಲ, ನೆಲವಿರಲಿಲ್ಲ, ಸೀಟಿನ ಜಾಗದಲ್ಲಿ ಇಲಿಗಳ ಸಂಸಾರವಿತ್ತು. ಉದ್ದ ನೋಡಿಯೇ ಸೂಜಿ ಇದಕ್ಕೆ ಹಡಗು ಎಂದು ಹೆಸರಿಟ್ಟಳು. ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ, ಸೋಫಾದ ಹಾಗೆ. ಅದಕ್ಕೆ ಹಸಿರು ರೆಕ್ಸಿನ್ ಹೊಲಿದು, ಅಂಚಿಗೆ ಬಿಳಿ ಪೈಪಿಂಗ್ ಕೊಟ್ಟವಳು ಅವಳೇ. ಹೊಲಿದು ಮುಗಿಸಿ ಅಂಗೈಯಿಂದ ಸವರಿ, "ನಡುವೆ ಗೇರಿಲ್ಲ, ಬ್ರೇಕಿಲ್ಲ. ಇಬ್ಬರು ಕೂತ್ರೆ ಒಬ್ಬರು ಜಾರ್ಕೊಂಡು ಇನ್ನೊಬ್ಬರ ಹತ್ರ ಬರೋದೇ," ಎಂದಿದ್ದಳು. ಅಂದು ನಾನು ಮಾಡಬೇಕಿದ್ದ ಕೆಲಸ ಒಂದೂ ತಲೆಗೆ ಹತ್ತಲಿಲ್ಲ.

ಎಂಜಿನ್ ಮೊದಲ ಸಲ ಗುಡುಗಿದ ದಿನ ಖುಷಿ ತಡೆಯಲಾಗದೆ ಬಾಯಿಬಿಟ್ಟೆ. "ಇದು ರಸ್ತೆ ಮೇಲೆ ಸರಿಯಾಗಿ ಓಡಿದ ದಿನ ನೀವು ಮುಂದಿನ ಸೀಟಲ್ಲಿ ಕೂತ್ಕೊಬೇಕು. ನಿಮಗೊಂದು ಮಾತು ಹೇಳೋದಿದೆ."

ಅವಳ ಕೈಯಲ್ಲಿದ್ದ ಕತ್ತರಿ ಅರ್ಧ ರೆಕ್ಸಿನ್ನಿಗೆ ನಿಂತಿತು. "ಈಗ್ಲೇ ಹೇಳಿ."

"ಇಲ್ಲ. ಹಡಗು ಓಡಲಿ, ಆಮೇಲೆ ಹೇಳ್ತೀನಿ."

"ಅದೇನು ಅಂಥ ಮಾತು?"

"ಓಡ್ಲಿ, ಗೊತ್ತಾಗತ್ತೆ."

ಎಂಥ ದಡ್ಡ ನಾನು! ಗುಜರಿ ಕಾರಿನ ಬಾಲಕ್ಕೆ ನನ್ನ ಬದುಕನ್ನು ಕಟ್ಟಿಬಿಟ್ಟೆ. ಆದರೆ ಹೇಳಿದ ಮಾತು ಹೇಳಿದ್ದೇ. ನನಗೊಂದು ಹಟವಿದೆ, ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವುದಿಲ್ಲ.

ಅಂದಿನಿಂದ ಹಡಗಿಗೆ ದೃಷ್ಟಿ ತಾಗಿದಂತಾಯಿತು. ಸಂಜೆ ಮಿಕ್ಸ್ಚರ್ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ, ಗಾಳಿಗೂ ಪೆಟ್ರೋಲಿಗೂ ಹೊಂದಾಣಿಕೆ ಮಾಡಿಸುತ್ತೇನೆ. ಮರುದಿನ ಎಲ್ಲ ತಲೆಕೆಳಗು. ಪೆಟ್ರೋಲ್ ಅತಿಯಾಗಿ ಪ್ಲಗ್ಗುಗಳು ಮಸಿ ಹಿಡಿದಿರುತ್ತವೆ. ಪ್ಲಗ್ ಬದಲಿಸಿದೆ. ಫ್ಲೋಟ್ ಬದಲಿಸಿದೆ. ಕಾರ್ಬ್ಯುರೇಟರನ್ನು ಬಿಚ್ಚಿ, ತೊಳೆದು, ಮತ್ತೆ ಬಿಚ್ಚಿದೆ. ಫ್ಯಾಕ್ಟರಿಯಲ್ಲಿ ಲೇತ್ ಯಂತ್ರದ ಮುಂದೆ ನಿಂತಾಗಲೂ ಕಣ್ಣಿಗೆ ಅದೇ ಕಟ್ಟುತ್ತಿತ್ತು. ಅವಳೂ ಕೇಳಿ ಕೇಳಿ ಸುಸ್ತಾಗಿದ್ದಳು. ಮೊದಮೊದಲು, "ಇವತ್ತು ಓಡತ್ತಾ?" ಎನ್ನುವಾಗ ದನಿಯಲ್ಲಿ ಕಚಗುಳಿ ಇತ್ತು. ಬರಬರುತ್ತ ಅದು ವಿದ್ಯುತ್ ಬಿಲ್ ಕಟ್ಟಿದಿರಾ ಎಂದು ಕೇಳುವ ಹಾಗಾಯಿತು.

ಶುಕ್ರವಾರ ಸಂಜೆ ಸೂಜಿಯ ಸೋದರತ್ತೆ ಟೀ ಹಿಡಿದು ಬಂದರು. ಅವರನ್ನು ನಾನು ದೊಡ್ಡಮ್ಮ ಎನ್ನುತ್ತೇನೆ.

"ಮಗಾ, ಆ ಪರದೆ ಇನ್ನು ತೆಗೆದ್ಬಿಡು. ಪೂರ್ತಿ ಶೆಡ್ಡು ನೀನೇ ಇಟ್ಕೋ."

"ಯಾಕೆ ದೊಡ್ಡಮ್ಮ?"

"ನಿನಗೆ ಹೇಳಿಲ್ವಾ ಅವಳು? ಬಸ್ ಬಾಡಿ ಕಟ್ಟೋ ಕಂಪನಿಯಿಂದ ಕರೆ ಬಂದಿದೆ, ಪಕ್ಕದ ಊರಿಂದ. ಸೀಟು ವಿಭಾಗ ಪೂರ್ತಿ ಇವಳ ಕೈಗೆ. ಸೋಮವಾರ ಹೊರಡ್ತಾಳೆ." ಲೋಟ ಕೊಡುತ್ತ ನನ್ನ ಮುಖ ನೋಡಿದರು. "ಹೇಳೋದೇನಾದ್ರೂ ಇದ್ರೆ ಬೇಗ ಹೇಳಪ್ಪ. ನಿನ್ನ ಕಾರಿನ ಥರ ಎಲ್ಲರೂ ನಿಂತಲ್ಲೇ ನಿಂತಿರಲ್ಲ."

ಪರದೆಯ ಆಚೆ ಮೆಷಿನ್ನು ಓಡುತ್ತಲೇ ಇತ್ತು. ಅವಳು ಹೋದ ಮೇಲೆ ಈ ಶೆಡ್ಡಿನಲ್ಲಿ ನಾನು ಮತ್ತು ಈ ತಗಡಿನ ರಾಶಿ, ಇಷ್ಟೇ. ಉಳಿದದ್ದು ಎರಡು ದಿನ. ಶನಿವಾರ ಬೆಳಿಗ್ಗೆಗೆ ರಜೆ ಹಾಕಿದೆ.

ಆ ಹೊತ್ತಿನಲ್ಲಿ ನಾನು ಶೆಡ್ಡಿಗೆ ಎಂದೂ ಬಂದವನಲ್ಲ. ಚಳಿಗೆ ಕೈ ಉಜ್ಜುತ್ತ ಬಂದರೆ ಬಾಗಿಲು ಅರ್ಧ ತೆರೆದಿತ್ತು, ಎಂಜಿನ್ ಓಡುತ್ತಿತ್ತು. ಇಣುಕಿದೆ. ಸೂಜಿ ಬಾನೆಟ್ಟಿನಡಿ ಬಗ್ಗಿದ್ದಳು. ಕೈಯಲ್ಲಿ ನನ್ನದೇ ಸಣ್ಣ ಸ್ಕ್ರೂಡ್ರೈವರ್. ತಲೆ ಒಂದು ಬದಿಗೆ ವಾಲಿಸಿ, ಥೇಟ್ ನನ್ನ ಹಾಗೆಯೇ ಕಿವಿಗೊಟ್ಟು, ಮಿಕ್ಸ್ಚರ್ ಸ್ಕ್ರೂ ತಿರುಗಿಸುತ್ತಿದ್ದಳು.

ಇಷ್ಟು ದಿನ ಕಾರು ಕೆಡಿಸುತ್ತಿದ್ದವಳು ಇವಳಾ?

ಕಾರು ಓಡಿದ ದಿನ ಒಂದು ಮಾತು ಹೇಳುತ್ತೇನೆ ಎಂದಿದ್ದೆ. ಆ ಮಾತು ಏನೆಂದು ಹೆಣ್ಣುಮಗಳಿಗೆ ತಿಳಿಯದೇ ಇರುತ್ತದೆಯೇ? ಎದುರಿಗೆ ಬೇಡ ಎನ್ನಲು ಸಂಕೋಚ. ಅದಕ್ಕೇ ಕಾರೇ ಓಡದಂತೆ ನೋಡಿಕೊಂಡಿದ್ದಾಳೆ. ಈಗ ಸದ್ದಿಲ್ಲದೆ ಊರು ಬಿಡುತ್ತಾಳೆ. ನನಗೆ ಸಿಟ್ಟು ಬಂತು.

"ಬೇಡ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ," ಎಂದೆ.

ಬೆಚ್ಚಿ ತಲೆಯೆತ್ತಿದಳು, ಬಾನೆಟ್ಟಿಗೆ ಹೊಡೆಸಿಕೊಂಡಳು. "ಅಯ್ಯೋ! ನೀವೇನು ಇಷ್ಟೊತ್ತಿಗೆ? ಏನು ಬೇಡ?"

"ನಾನು ಅಷ್ಟು ಒರಟನಲ್ಲ. ಬೇಡ ಅಂದಿದ್ರೆ ಸುಮ್ಮನಾಗ್ತಿದ್ದೆ. ಕದ್ದು ಕದ್ದು ದಿನಾ ಕಾರು ಹಾಳು ಮಾಡೋ ಕಷ್ಟ ಯಾಕೆ ತಗೊಂಡ್ರಿ?"

"ಹಾಳು? ನಾನು?" ಒಂದು ಕೈ ತಲೆಯ ಮೇಲೆ, ಇನ್ನೊಂದರಲ್ಲಿ ಸ್ಕ್ರೂಡ್ರೈವರ್. ಅದನ್ನು ನನ್ನ ಎದೆಗೇ ಗುರಿ ಹಿಡಿದಳು. "ರೀ, ಬೆಳಿಗ್ಗೆ ಹೊತ್ತು ಇದು ಗಡಗಡ ನಡುಗಿ ಆಫ್ ಆಗತ್ತೆ. ಈ ಸ್ಕ್ರೂ ಒಂಚೂರು ಬಿಚ್ಚಿದ್ರೆ ಮಾತ್ರ ಸರಿಯಾಗಿ ಓಡತ್ತೆ. ಪರದೆ ಸಂದಿಯಿಂದ ನಿಮ್ಮನ್ನ ನೋಡಿ ನೋಡಿ ಕಲಿತೆ. ದಿನಾ ಬೆಳಿಗ್ಗೆ ನಾನು ಸರಿ ಮಾಡಿಡ್ತೀನಿ, ಸಂಜೆ ನೀವು ಬಂದು ಕೆಡಿಸ್ತೀರಿ!"

"ನಾನು ಕೆಡಿಸ್ತೀನಾ?"

"ಮತ್ತೆ ಯಾರು ಕೆಡಿಸ್ತಾರೆ?"

ನೆತ್ತಿಗೇರಿದ್ದ ಪಿತ್ತ ನಿಧಾನವಾಗಿ ಕೆಳಗಿಳಿಯಿತು. ಬೆಳಗಿನ ಚಳಿಗೆ ಎಂಜಿನ್ ಪೆಟ್ರೋಲ್ ಹೆಚ್ಚು ಕೇಳುತ್ತದೆ, ಅವಳು ಕೊಡುತ್ತಾಳೆ. ಸಂಜೆಗೆ ತಗಡಿನ ಶೆಡ್ಡು ಕಾದು ಕೆಂಡವಾಗಿರುತ್ತದೆ, ಅದೇ ಪೆಟ್ರೋಲ್ ಅತಿಯಾಗಿ ಹೊಗೆ ಕಾರುತ್ತದೆ, ನಾನು ಕಡಿಮೆ ಮಾಡುತ್ತೇನೆ. ಮರುದಿನ ಮತ್ತೆ ಅವಳು. ತಿಂಗಳುಗಟ್ಟಲೆ ನಾವಿಬ್ಬರೂ ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕೆಡವುತ್ತ ಬಂದಿದ್ದೆವು.

"ಮೊದಲೇ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಇಡೀ ಎಂಜಿನ್ ಬಿಚ್ಚಿ ಹರಡ್ಕೊಂಡು ಕೂರ್ತಿದ್ರಿ. ಆ ಮಾತು ಕೇಳೋ ಹೊತ್ತಿಗೆ ನಾನು ಮುದುಕಿ ಆಗಿರ್ತಿದ್ದೆ!" ಹೇಳಿದ ಮೇಲೆಯೇ ತಾನೇನು ಹೇಳಿದೆನೆಂದು ಅವಳಿಗೆ ಗೊತ್ತಾದದ್ದು. ಕಿವಿಯ ತುದಿ ಕೆಂಪಾಯಿತು. ಆದರೂ ಕಣ್ಣು ಕೆಳಗಿಳಿಸಲಿಲ್ಲ, ಇನ್ನಷ್ಟು ದೊಡ್ಡದು ಮಾಡಿ ನನ್ನನ್ನೇ ನೋಡಿದಳು.

ಎಂಜಿನ್ ಒಮ್ಮೆ ಬಿಕ್ಕಿ ಆಫ್ ಆಯಿತು. ಇಬ್ಬರೂ ಅದರತ್ತ ತಿರುಗಲಿಲ್ಲ.

ಅವಳು ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತಳು. ಪಕ್ಕದ ರೆಕ್ಸಿನ್ ತಟ್ಟಿದಳು. "ಬನ್ನಿ."

"ಇನ್ನೂ ಓಡಿಲ್ವಲ್ಲ..."

"ಕೂತ್ಕೊಳ್ಳಿ ಅಂದೆ."

ಕೂತೆ. ಎದುರಿಗೆ ಶೆಡ್ಡಿನ ಗೋಡೆ, ಗೋಡೆಯ ಮೇಲೆ ನೇತು ಹಾಕಿದ ಹಳೇ ಟಯರು. ಈ ಮಾತಿಗೆ ನಾನು ಉದ್ದನೆಯ ರಸ್ತೆ, ತಣ್ಣನೆ ಗಾಳಿ, ಸಂಜೆಯ ಬಿಸಿಲು ಎಲ್ಲ ಅಂದುಕೊಂಡಿದ್ದೆ.

"ಚಳೀಲಿ ತಾನಾಗೇ ಪೆಟ್ರೋಲ್ ಹೆಚ್ಚಿಸಬೇಕಾದ ಚೋಕ್ ಮುಚ್ಚಿಕೊಳ್ತಿಲ್ಲ ಅನ್ಸತ್ತೆ," ಎಂದೆ. "ಅದರ ಸ್ಪ್ರಿಂಗ್..."

"ಇದಾ ಆ ಮಾತು?"

"ಅಲ್ಲ." ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಪರದೆ ಆಚೆ ನೀವಿರದೇ ಹೋಗಿದ್ರೆ ಇದನ್ನ ನಾನು ಯಾವತ್ತೋ ಗುಜರಿಗೆ ವಾಪಸ್ ಕಳಿಸ್ತಿದ್ದೆ. ದಿನಾ ಬಂದಿದ್ದು ಕಾರಿಗಲ್ಲ. ನನಗೆ ನೀವು ಬೇಕು. ನಿಮ್ಮನ್ನ ಮದುವೆ ಆಗ್ಬೇಕು."

ಅವಳು ಗ್ರೀಸ್ ಕೈಯಲ್ಲೇ ಕಣ್ಣೊರೆಸಿಕೊಂಡು ಕೆನ್ನೆಯನ್ನೆಲ್ಲ ಕಪ್ಪು ಮಾಡಿಕೊಂಡಳು.

"ಇಷ್ಟು ಹೇಳೋಕೆ ಒಂದು ಕಾರು ರಿಪೇರಿ ಆಗ್ಬೇಕಿತ್ತಾ ನಿನಗೆ?"

"ಹೂಂ ಅಂತೀಯಾ?"

"ಅಂದೆ. ಯಾವತ್ತೋ ಅಂದಾಗಿದೆ, ನಿನಗೆ ಕೇಳಿಸ್ಬೇಕಲ್ಲ." ಸ್ವಲ್ಪ ಜಾರಿ ಹತ್ತಿರ ಬಂದಳು. ಭುಜಕ್ಕೆ ಭುಜ ತಾಗಿತು. "ಆದ್ರೆ ಸೋಮವಾರ ಹೋಗ್ತೀನಿ. ಆ ಕೆಲಸ ನನಗೆ ಬೇಕು."

ಹೋಗಬೇಡ ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ಅವಳು ಕೈಯಾರೆ ಹೊಲಿದ ಸೀಟಿನ ಮೇಲೆ ಕೂತು ಹಾಗೆ ಹೇಳಲು ಮನಸ್ಸಾಗಲಿಲ್ಲ. ನುಂಗಿಕೊಂಡೆ. ನುಂಗಲು ಕಷ್ಟವಾಯಿತು.

"ನಾನೇ ಬಿಟ್ಟು ಬರ್ತೀನಿ," ಎಂದೆ.

ಚೋಕಿನ ಸ್ಪ್ರಿಂಗ್ ಮುರಿದಿತ್ತು. ಭಾನುವಾರ ಇಡೀ ದಿನ ಇಬ್ಬರೂ ಸೇರಿ ಹೊಸದನ್ನು ಕೂರಿಸಿದೆವು. ಸ್ಕ್ರೂ ಯಾರು ತಿರುಗಿಸಬೇಕೆಂದು ಜಗಳವಾಡಿದೆವು, ಅವಳೇ ಗೆದ್ದಳು. ಸೋಮವಾರ ಹಡಗು ಬೆಳಗಿನ ಚಳಿಯಲ್ಲೇ ಮೊದಲ ಕೀಗೆ ಎದ್ದಿತು. ಇಷ್ಟು ದಿನ ಓಡು ಓಡು ಎಂದು ಕಾಲು ಹಿಡಿದವನು, ಇವತ್ತೊಂದು ದಿನ ಕೈಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಅದನ್ನೇ ಬೈದುಕೊಂಡೆ.

ದಾರಿಯುದ್ದಕ್ಕೂ ನಿಧಾನವಾಗಿ ಓಡಿಸಿದೆ. ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕಿದರು. "ಮೊದಲ್ನೇ ದಿನವೇ ಲೇಟಾಗತ್ತೆ," ಎಂದು ಅವಳು ಗದರಿದಳು. ಆದರೆ ನನ್ನ ಭುಜದಿಂದ ತಲೆ ತೆಗೆಯಲಿಲ್ಲ.

ಕಂಪನಿಯ ಗೇಟಿನ ಮುಂದೆ ಬ್ಯಾಗು ಹಿಡಿದು ಇಳಿದಳು. "ಎಂಜಿನ್ ಆಫ್ ಮಾಡ್ಬೇಡ. ಕಾದ ಮೇಲೆ ಆಫ್ ಮಾಡಿದ್ರೆ ಪೂರ್ತಿ ತಣಿಯೋವರೆಗೆ ಮತ್ತೆ ಏಳಲ್ಲ ಅಂತ ನೀನೇ ಹೇಳಿದ್ದು. ಹಾಗೇ ಹೊರಡು. ಇವತ್ತು ಮಧ್ಯಾಹ್ನದ ಶಿಫ್ಟ್ ಹಾಕಿಸ್ಕೊಂಡಿದ್ದೀಯ ನೀನು."

"ಹೂಂ."

"ಭಾನುವಾರ ಬರ್ತೀಯಾ?"

"ಹೂಂ."

ಅವಳು ನಡೆದಳು. ಕಾವಲುಗಾರನ ಹತ್ತಿರ ನಿಂತು ತಿರುಗಿ ನೋಡಿದಳು. ಆ ನೋಟದಲ್ಲಿ ಚುಡಾಯಿಸುವುದು ಏನೂ ಇರಲಿಲ್ಲ.

ನಾನು ಕೈ ಚಾಚಿ ಕೀ ತಿರುಗಿಸಿದೆ. ಎಂಟು ಸಿಲಿಂಡರೂ ಒಮ್ಮೆಲೇ ಸುಮ್ಮನಾದವು.

ಸೂಜಿ ಸೀದಾ ಓಡಿ ಬಂದು ಕಿಟಕಿಗೆ ಬಗ್ಗಿದಳು. "ಯಾಕ್ ಆಫ್ ಮಾಡ್ದೆ? ಇನ್ನು ಮಧ್ಯಾಹ್ನದವರೆಗೆ ಸ್ಟಾರ್ಟ್ ಆಗಲ್ಲ ಇದು!"

"ಗೊತ್ತು," ಎಂದೆ. "ಊಟಕ್ಕೆ ಹೊರಗೆ ಬಾ. ಇಲ್ಲೇ ಇರ್ತೀನಿ."